ಆಕಾಶಕ್ಕೆ ಒಂದು ಚಿಟಿಕೆ ಸುಮಿತ್ರಾ

ದೇವನಹಳ್ಳಿ

ನನ್ನ ತಂಗಿ ಸುಮಿತ್ರಾಳ ಬೂದಿಯನ್ನು ರಾಕೆಟ್ಟಿನಲ್ಲಿಟ್ಟು ಆಕಾಶಕ್ಕೆ ಕಳಿಸುವುದೆಂದು ಅವಳ ಗಂಡ ಮುನಿರಾಜು ತೀರ್ಮಾನಿಸಿದಾಗ ಅದನ್ನು ಎಲ್ಲರಿಗಿಂತ ಮೊದಲು ವಿರೋಧಿಸಿದವಳು ನಾನು. ಕೊನೆಗೆ ಅವರೊಂದಿಗೆ ಫ್ಲಾರಿಡಾಕ್ಕೆ ವಿಮಾನ ಹತ್ತಿದವಳೂ ನಾನೇ. ಅವರಿಗೆ ಬರುವ ಇಂಗ್ಲಿಷ್ ಸೈಟು ಮಾರುವ ವ್ಯವಹಾರಕ್ಕೆ ಸಾಲುತ್ತದೆ, ಸಾವಿನ ವ್ಯವಹಾರಕ್ಕೆ ಸಾಲದು. ನನಗಾದರೋ ತಂಗಿಯನ್ನು ಕೊನೆಯ ಗಳಿಗೆಯವರೆಗೆ ಕಣ್ಣೆದುರು ಇಟ್ಟುಕೊಳ್ಳಬೇಕಿತ್ತು.

ಯಲಹಂಕ, ಹೆಬ್ಬಾಳ, ಚಿಕ್ಕಜಾಲದ ಸುತ್ತ ನಗರವು ನುಂಗಿದ ಹಳ್ಳಿಗಳಲ್ಲಿ ಸ್ಮಶಾನಗಳನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ನಾನು ಬಹಳ ವರ್ಷಗಳಿಂದ ತೊಡಗಿದ್ದೇನೆ. ಸತ್ತವರಿಗೆ ನೆಲ ಕೇಳುವುದು ದಾನ ಬೇಡಿದಂತಲ್ಲ. ಅದು ಬದುಕಿದ್ದವರೆಲ್ಲರ ಕಟ್ಟಕಡೆಯ ಹಕ್ಕು. ಆ ಹಕ್ಕನ್ನು ಕಿತ್ತುಕೊಂಡವರಲ್ಲಿ ನನ್ನ ತಂಗಿಯ ಗಂಡನೂ ಒಬ್ಬರೆಂಬುದನ್ನು ನಾನು ಸಭೆಗಳಲ್ಲಿ ಹೇಳಿದ್ದೇನೆ, ಅವರ ಮನೆಯ ಊಟದ ಮೇಜಿನಲ್ಲೂ ಹೇಳಿದ್ದೇನೆ. ಚಿಕ್ಕಜಾಲದಲ್ಲಿ ಅವರ ಮನೆತನಕ್ಕೊಂದು ಹುಣಸೆ ತೋಪಿತ್ತು. ಅಜ್ಜ, ಅಪ್ಪ, ಚಿಕ್ಕಪ್ಪಂದಿರು ಅಲ್ಲಿ ಮಣ್ಣಾಗಿದ್ದರು. ವಿಮಾನ ನಿಲ್ದಾಣದ ರಸ್ತೆ ಅಗಲವಾಗಿ ನೆಲದ ಬೆಲೆ ಏರಿದ ಮೇಲೆ ಆ ತೋಪನ್ನು ಮಟ್ಟ ಮಾಡಿ ಮುನಿರಾಜು ಬಡಾವಣೆ ಕಟ್ಟಿದರು.

ನಮ್ಮದು ಹೂಳುವ ಜನ. ಸುಮಿ ಕಾಯಿಲೆಯಿಂದ ತೀರಿಕೊಂಡಾಗ ಅವಳನ್ನು ಮಣ್ಣು ಮಾಡಲು ಆ ಭೂಮಾಲೀಕರ ಮನೆಗೆ ಒಂದು ಗೇಣು ನೆಲ ಇರಲಿಲ್ಲ. ಸೈಟುಗಳು ಇದ್ದವು, ಆದರೆ ಹೆಣ ಹೂತ ಸೈಟನ್ನು ಯಾರೂ ಕೊಳ್ಳುವುದಿಲ್ಲ. ನಗರದ ಸಾರ್ವಜನಿಕ ಸ್ಮಶಾನದಲ್ಲಿ ಹೊಸ ಗುಂಡಿಗೆ ಜಾಗವಿಲ್ಲವೆಂದರು. ವಿದ್ಯುತ್ ಚಿತಾಗಾರಕ್ಕೆ ಒಯ್ದೆವು. ಬೂದಿ ಕೈಗೆ ಬಂದಾಗ ಅದನ್ನು ಏನು ಮಾಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತಲೆಮಾರುಗಳಿಂದ ನಾವು ಬೂದಿಯನ್ನು ಕಂಡವರಲ್ಲ. ಆಗ ಮುನಿರಾಜು ಹೇಳಿದರು: ಸುಮಿ ವಿಜ್ಞಾನದ ಟೀಚರು, ಯಲಹಂಕದ ಶಾಲೆಯ ಮಕ್ಕಳಿಗೆ ನಕ್ಷತ್ರ ತೋರಿಸಿದವಳು, ಆಕಾಶಕ್ಕೆ ಹೋಗಬೇಕೆಂಬುದು ಅವಳ ಕೊನೆಯಾಸೆಯಾಗಿತ್ತು. ನನ್ನ ಬಳಿ ಅವಳು ಅಂಥದ್ದೇನನ್ನೂ ಹೇಳಿರಲಿಲ್ಲ. ಆದರೆ ಸತ್ತವಳ ಗಂಡನನ್ನು ಸುಳ್ಳುಗಾರನೆಂದು ಕರೆಯಲು ನನಗೆ ಪುರಾವೆ ಇರಲಿಲ್ಲ.

ದೇವನಹಳ್ಳಿಯ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲೇ ಮೊದಲ ತೊಡಕು ಎದುರಾಯಿತು. ಬೂದಿ ಸ್ಟೀಲ್ ಡಬ್ಬಿಯಲ್ಲಿತ್ತು.

"ಸಾರ್, ಸ್ಟೀಲ್ ಆದ್ರೆ ಒಳಗೇನಿದೆ ಅಂತ ಮಷೀನ್‌ಗೆ ಕಾಣಲ್ಲ," ಎಂದಳು ಸಮವಸ್ತ್ರದ ಹುಡುಗಿ.

"ಒಳಗಿರೋದು ನನ್ ಹೆಂಡ್ತಿ ಕಣಮ್ಮ."

"ಗೊತ್ತು ಸಾರ್, ಪೇಪರ್ ನೋಡ್ದೆ. ಆದ್ರೂ ಕಾಣ್ಬೇಕು."

ಮುನಿರಾಜುವಿನ ತಾಯಿ ಅಕ್ಕಯ್ಯಮ್ಮ ದಾರಿಗೆಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೋಡುಬಳೆ ತುಂಬಿ ಕೊಟ್ಟಿದ್ದರು. ಕುರ್ಚಿಯೊಂದರ ಮೇಲೆ ಕುಳಿತು ಕೋಡುಬಳೆಯನ್ನು ಪೇಪರಿಗೆ ಸುರಿದೆವು. ಡಬ್ಬಿಯನ್ನು ಮುನಿರಾಜು ಕರವಸ್ತ್ರದಿಂದ ಒರೆಸಿದರು, ಮತ್ತೆ ಒರೆಸಿದರು. ಎಣ್ಣೆಯ ಜಿಡ್ಡು ಹೋಗಲಿಲ್ಲ. ನಾನು ಡಬ್ಬಿಯ ಬಾಯಿ ಹಿಡಿದೆ, ಅವರು ಬೂದಿ ಸುರಿದರು. ಪಕ್ಕದಲ್ಲಿ ಕುಳಿತಿದ್ದ ಕುಟುಂಬವೊಂದು ಎದ್ದು ದೂರ ಹೋಯಿತು. ಗೌರವದಿಂದ ಹೂಳಿಸಿಕೊಳ್ಳಬೇಕಾಗಿದ್ದ ಹೆಂಗಸೊಬ್ಬಳು ತಿಂಡಿಯ ಡಬ್ಬಿಯಲ್ಲಿ ದೇಶ ಬಿಟ್ಟಳು.

ಕಡಲ ತೀರದ ಮೋಟೆಲು

ರಾಕೆಟ್ಟುಗಳು ಹಾರುವ ಆ ಕರಾವಳಿಯ ಊರಿನಲ್ಲಿ ಕ್ಷೌರದಂಗಡಿಗೂ ಬಟ್ಟೆ ಒಗೆಯುವ ಅಂಗಡಿಗೂ ಬಾಹ್ಯಾಕಾಶದ ಹೆಸರೇ. ನಮ್ಮ ಬಳ್ಳಾರಿ ರಸ್ತೆಯಲ್ಲಿ ತೆಂಗಿನಮರವೊಂದಿಲ್ಲದ ಬಡಾವಣೆಗೆ ನಂದನವನವೆಂದು ಹೆಸರಿಡುವುದಿಲ್ಲವೇ, ಹಾಗೆ. ನಮ್ಮ ಮೋಟೆಲಿನ ಗೋಡೆಯ ಮೇಲೆ ಚಂದ್ರನ ಮೇಲೆ ನಡೆಯುವ ಮನುಷ್ಯನ ಚಿತ್ರವಿತ್ತು. ಅದರ ಕೆಳಗಿನ ಏಸಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಲ್ಲಿನ ಮುದುಕ ಮುದುಕಿಯರದು ಒಂದು ವಿಚಿತ್ರ ಅಭ್ಯಾಸ. ಉಡಾವಣೆ ಇದೆಯೆಂದರೆ ಮಡಚುವ ಕುರ್ಚಿ, ಕಾಫಿ ಫ್ಲಾಸ್ಕು, ನಾಯಿ ಸಮೇತ ಬಂದು ಕಾರು ನಿಲ್ಲಿಸುವ ಜಾಗದಲ್ಲಿ ಕುಳಿತುಬಿಡುತ್ತಾರೆ. ನಾವು ತಲುಪಿದ ದಿನ ಮೇಲಿನ ಗಾಳಿ ಸರಿಯಿಲ್ಲವೆಂದು ಬೇರೊಂದು ರಾಕೆಟ್ಟಿನ ಉಡಾವಣೆ ಮುಂದೆ ಹೋಯಿತು. ಒಬ್ಬರೂ ಗೊಣಗಲಿಲ್ಲ, ಕುರ್ಚಿ ಮಡಚಿ ಎದ್ದರು.

"ನಮ್ ಕಡೆ ಬಸ್ಸು ಲೇಟಾದ್ರೇ ಕಂಡಕ್ಟರ್ ಕೊರಳಪಟ್ಟಿ ಹಿಡೀತಾರೆ," ಎಂದರು ಮುನಿರಾಜು. ಬಳಿಕ ಕೋಣೆಗೆ ಬಂದು ಡಬ್ಬಿಯನ್ನು ಟಿವಿಯ ಪಕ್ಕದಲ್ಲಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳತೊಡಗಿದರು.

"ಇಂಗ್ಲಿಷ್ ಪಿಕ್ಚರ್‌ಗಳಲ್ಲಿ ನೋಡಿದೀರಾ ಅಕ್ಕ? ಹಡಗಿನ ಥರದ ರಾಕೆಟ್ಟು. ಅದ್ರಲ್ಲಿ ಕ್ಯಾಪ್ಟನ್ ಸತ್ರೆ ಪೆಟ್ಟಿಗೇಲಿಟ್ಟು, ಸೆಲ್ಯೂಟ್ ಹೊಡ್ದು, ಬಾಗ್ಲು ತೆಗ್ದು ಮೆಲ್ಲಗೆ ಬಿಡ್ತಾರೆ. ಹಂಗೇ ತೇಲ್ಕೊಂಡು ಹೋಗ್ತಾನೆ. ಕೊಳೆಯಲ್ಲ, ಹುಳ ಹತ್ತಲ್ಲ. ಖಾತೆ ಕೇಳೋರಿಲ್ಲ, ಸರ್ವೆ ಮಾಡೋರಿಲ್ಲ."

"ಆ ಪಿಕ್ಚರ್‌ಗಳಲ್ಲಿ ಪೆಟ್ಟಿಗೆ ಸಿಗೋದು ಕ್ಯಾಪ್ಟನ್‌ಗೆ," ಎಂದೆ. "ಕೆಳಗಿನ ಮಹಡಿಯಲ್ಲಿ ಎಂಜಿನ್ ಉಜ್ಜೋನು ಸತ್ತರೆ ಏನು ಮಾಡ್ತಾರೆ ಅಂತ ಯಾರೂ ತೋರಿಸಲ್ಲ."

"ನೀವು ಪಿಕ್ಚರ್‌ಗೂ ಧರಣಿ ಕೂರ್ತೀರ ಬಿಡಿ."

ಕಥೆಗಳಿಗೂ ನಿಜಕ್ಕೂ ನಡುವಿನ ಅಂತರವನ್ನು ನಾನು ಹೊರಡುವ ಮೊದಲೇ ಓದಿಕೊಂಡಿದ್ದೆ. ಕಥೆಯಲ್ಲಿ ಇಡೀ ದೇಹ ಹೋಗುತ್ತದೆ. ನಿಜದಲ್ಲಿ ಹೋಗುವುದು ಚಿಟಿಕೆ ಬೂದಿ, ಅದೂ ಬೇರೆ ಯಾರದೋ ಉಪಗ್ರಹ ಹೊತ್ತ ರಾಕೆಟ್ಟಿನ ಮೂಲೆಯಲ್ಲಿ. ಹಣ ಕಟ್ಟಿದ ಮುನಿರಾಜುವಿಗೆ ಇದು ತಿಳಿದೇ ಇರುತ್ತದೆ, ಉಳಿದದ್ದನ್ನು ಇಲ್ಲಿಯ ಕಡಲಿಗೆ ಬಿಡುತ್ತಾರೆ ಎಂದುಕೊಂಡೆ. ಚಂದ್ರನ ಮೇಲೂ ಬೂದಿ ಇಳಿಸುವ ವ್ಯಾಪಾರ ಶುರುವಾದಾಗ, ಚಂದ್ರ ನಮಗೆ ಪೂಜ್ಯ, ಅವನನ್ನು ಸ್ಮಶಾನ ಮಾಡಬೇಡಿ ಎಂದು ಈ ದೇಶದ ಮೂಲನಿವಾಸಿಗಳು ಎದ್ದುನಿಂತದ್ದನ್ನೂ ಓದಿದ್ದೆ. ಅವರ ನೆಲ ಕಿತ್ತುಕೊಂಡದ್ದು ಸಾಲದೆಂಬಂತೆ ಅವರ ಆಕಾಶಕ್ಕೂ ಕೈ ಹಾಕಿದ್ದಾರೆ. ಇದನ್ನೆಲ್ಲ ಮುನಿರಾಜುವಿಗೆ ಹೇಳಬೇಕೆಂದಿದ್ದೆ. ಅವರು ಡಬ್ಬಿಯ ಪಕ್ಕದಲ್ಲಿ ಕುಳಿತಲ್ಲೇ ನಿದ್ದೆ ಹೋಗಿದ್ದರು.

ಬೀಳ್ಕೊಡುಗೆಯ ಸಭಾಂಗಣ

ಮರುದಿನ ಬೆಳಿಗ್ಗೆ ಬೂದಿ ಕಳಿಸುವ ಕಂಪನಿಯವರು ಬಾಡಿಗೆ ಸಭಾಂಗಣವೊಂದರಲ್ಲಿ ಎಲ್ಲ ಕುಟುಂಬಗಳನ್ನೂ ಸೇರಿಸಿದರು. ಸತ್ತವರ ಫೋಟೋಗಳು, ಹೂಗಳು, ಕೇಕು. ನೀಲಿ ಕೋಟಿನ ಯುವಕ, ಹೆಸರು ಟೈಲರ್, ಎಲ್ಲರ ಕೈಯನ್ನೂ ಎರಡು ಕೈಯಲ್ಲಿ ಹಿಡಿದು ಮಾತಾಡಿಸಿದ. ಕುಟುಂಬದವರು ತಮ್ಮ ಕೈಯಾರೆ ಬೂದಿಯನ್ನು ತುಂಬಿಕೊಡುವುದು ಆ ಕಂಪನಿಯ ಪದ್ಧತಿ.

ನಮಗಿಂತ ಮುಂದೆ ಸ್ವೆಟರ್ ಹಾಕಿದ ಮುದುಕರೊಬ್ಬರಿದ್ದರು. ಹೆಂಡತಿಯನ್ನು ಕಳಿಸಲು ಬಂದವರು. ಇಬ್ಬರೂ ಮದುವೆಯಾದಾಗಿನಿಂದ ಬಾಹ್ಯಾಕಾಶದ ಕಾದಂಬರಿಗಳನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಬೆರಳಿನ ಗೆಣ್ಣಿನಷ್ಟು ಉದ್ದದ ಲೋಹದ ನಳಿಗೆಗೆ ಪುಟ್ಟ ಚಮಚದಲ್ಲಿ ಬೂದಿ ಹಾಕಿ, ಮುಚ್ಚಳ ತಿರುಗಿಸಿ, ಅದಕ್ಕೆ ಮುತ್ತಿಟ್ಟು ಕೊಟ್ಟರು.

ನಮ್ಮ ಸರದಿ ಬಂತು. ಮುನಿರಾಜು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದು ನಿಂತರು. ಟೈಲರ್ ಅವರಿಗೆ ಚಮಚ ನೀಡಿದ.

"ಇದೇನಕ್ಕ, ಉಪ್ಪು ನೋಡೋಕಾ?"

ಎಷ್ಟು ಹೋಗುತ್ತದೆಂದು ನಾನು ಆಗ ಹೇಳಿದೆ. ಅವರು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡರು. "ಮಿಕ್ಕಿದ್ದು ಮುಂದಿನ ಗಾಡೀಲಾ?"

"ಮಿಕ್ಕಿದ್ದು ನಮ್ಮ ಹತ್ತಿರವೇ ಮುನಿರಾಜು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಅವರ ಮುಖ ನಿಧಾನವಾಗಿ ಬಣ್ಣಗೆಟ್ಟಿತು. "ಕೈನ ಒಂದ್ ಕಡೆ, ಕಾಲ್ನ ಒಂದ್ ಕಡೆ ಯಾರಾದ್ರೂ ಮಣ್ಣು ಮಾಡ್ತಾರಾ ಅಕ್ಕ? ಇಡೀ ಮನುಷ್ಯಳು ಹೋಗ್ಬೇಕಲ್ವಾ?"

ಸುಡುವ ಜನರಿಗೆ ಈ ಪ್ರಶ್ನೆ ಅರ್ಥವಾಗಲಾರದು. ಅವರು ಬೂದಿಯನ್ನು ಒಂದಿಷ್ಟು ಈ ನದಿಗೆ, ಒಂದಿಷ್ಟು ಆ ಸಂಗಮಕ್ಕೆ ಹಂಚಿಬಿಡುತ್ತಾರೆ. ಅದರಲ್ಲಿ ಅವರಿಗೆ ಸಮಾಧಾನವಿದೆ. ನಮಗೆ ಸತ್ತವರೆಂದರೆ ತಲೆಯಿಂದ ಪಾದದವರೆಗೆ ಒಂದೇ ಕಡೆ ಮಲಗಿರುವವರು. ಚೂರು ಮಾಡುವುದು ಪಶುವನ್ನು. ಸುಮಿ ಬೆಂಕಿಗೆ ಹೋದ ಮೇಲೂ ಮುನಿರಾಜುವಿನ ಲೆಕ್ಕದಲ್ಲಿ ಅವಳು ಆ ಡಬ್ಬಿಯೊಳಗೆ ಇಡಿಯಾಗಿಯೇ ಇದ್ದಳು.

ಟೈಲರ್ ಮೃದುವಾಗಿ ವಿವರಿಸಿದ: ಇದು ಸಾಂಕೇತಿಕ, ಒಂದು ಕಣದಲ್ಲೂ ಇಡೀ ವ್ಯಕ್ತಿ ಇರುತ್ತಾರೆ.

"ಒಂದು ಅಡಿ ತೋರ್ಸಿ ಇಡೀ ಸೈಟ್ ಕೊಟ್ಟೆ ಅಂದ್ರೆ ಇವ್ನು ತಗೋತಾನಾ, ಕೇಳಿ."

ನಾನು ಹಾಗೆಯೇ ಅನುವಾದಿಸಿದೆ. ಟೈಲರನ ನಗು ಕದಲಲಿಲ್ಲ. ಅನ್ಯಾಯವೊಂದು ಅಷ್ಟು ಸೌಜನ್ಯದಿಂದ ನಗುವುದನ್ನು ನಾನು ನಮ್ಮಲ್ಲೂ ಕಂಡಿದ್ದೇನೆ.

"ಹೋಗ್ಲಿ, ಎಷ್ಟು ಕಾಲ ಇರ್ತಾಳೆ ಮೇಲೆ?"

ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ ಭೂಮಿಯನ್ನು ಸುತ್ತಿ, ಆಮೇಲೆ ವಾತಾವರಣಕ್ಕೆ ಬಿದ್ದು ಉಲ್ಕೆಯಂತೆ ಉರಿದುಹೋಗುತ್ತದೆ, ಬಹಳ ಸುಂದರವಾಗಿರುತ್ತದೆ ಎಂದ ಟೈಲರ್.

ಮುನಿರಾಜು ನನ್ನನ್ನು ನೋಡಿದರು. "ಇನ್ನೊಂದ್ ಸಲ ಸುಡ್ತಾರಾ?"

ಡಬ್ಬಿಯ ಮುಚ್ಚಳ ಹಾಕಿ ಎದೆಗೆ ಅವುಚಿಕೊಂಡರು. ಸಂಜೆಯವರೆಗೆ ನಳಿಗೆ ತೆರೆದಿಟ್ಟಿರುತ್ತೇವೆ, ಯೋಚಿಸಿ ಬನ್ನಿ ಎಂದು ಟೈಲರ್ ಬಾಗಿಲ ತನಕ ಬಂದು ಹೇಳಿದ.

ಡೆನೀಸಳ ಕಾರು

ಮೋಟೆಲಿಗೆ ಹಿಂದಿರುಗಲು ಹತ್ತಿದ ಬಾಡಿಗೆ ಕಾರನ್ನು ಓಡಿಸುತ್ತಿದ್ದವಳು ಡೆನೀಸ್ ಎಂಬ ಕಪ್ಪು ಹೆಂಗಸು, ನನ್ನ ವಯಸ್ಸಿನವಳು. ಕಾರು ಸೇತುವೆ ಏರುವಷ್ಟರಲ್ಲಿ ಅಕ್ಕಯ್ಯಮ್ಮನ ಫೋನು ಬಂತು. ಅವರಿಗೆ ಕಿವಿ ಮಂದ, ಸ್ಪೀಕರಿನಲ್ಲೇ ಮಾತಾಡಬೇಕು.

"ಏನವ್ವಾ, ಆಯ್ತಾ? ಯಾವ್ ದಿಕ್ಕಿಗ್ ಓದ್ಲು ನನ್ ಸೊಸೆ?"

"ಇನ್ನೂ ಇಲ್ಲ ಅತ್ತೆ."

"ಓದ್ ಮ್ಯಾಲೆ ಯೋಳ್ರವ್ವ. ಆಲು ತುಪ್ಪ ಬಿಡ್ಬೇಕಲ್ಲ. ಎಲ್ಲೀಗಂತ ಬಿಡ್ಲಿ? ಮಾಳಿಗೆ ಅತ್ತಿ ಮ್ಯಾಲಕ್ ಎರಚ್ಲಾ? ಮುನಿರಾಜ, ಕೇಳ್ತಾ ಇದ್ದೀಯೇನೋ? ನಿಮ್ಮಪ್ಪಂಗೂ ಜಾಗ ಇಲ್ದಂಗ್ ಮಾಡ್ದೆ, ಅವ್ಳಿಗೂ ಇಲ್ದಂಗ್ ಮಾಡ್ದೆ."

ಮುನಿರಾಜು ಡಬ್ಬಿಯ ಮೇಲೆ ತಲೆ ಬಗ್ಗಿಸಿದರು. ಅಕ್ಕಯ್ಯಮ್ಮ ಅಳುತ್ತಲೇ ಫೋನು ಇಟ್ಟರು.

ಯಾರು, ಏಕೆ ಅಳುತ್ತಿದ್ದಾರೆ ಎಂದು ಡೆನೀಸ್ ಕನ್ನಡಿಯಲ್ಲಿ ನೋಡುತ್ತ ಕೇಳಿದಳು. ನಾನು ಹೇಳಿದೆ: ನಮ್ಮಲ್ಲಿ ಹೂತ ಮೂರನೆಯ ದಿನ ಸಮಾಧಿಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಸತ್ತವರು ತಣ್ಣಗಾಗಲಿ ಎಂದು. ನನ್ನ ತಂಗಿಗೆ ಸಮಾಧಿಯಿಲ್ಲ. ಸಮಾಧಿಗಳಿದ್ದ ನೆಲದ ಮೇಲೆ ಮನೆಗಳೆದ್ದಿವೆ.

ಡೆನೀಸ್ ಸೇತುವೆ ಇಳಿಸಿ ಕಾರಿನ ವೇಗ ತಗ್ಗಿಸಿದಳು. ಆಮೇಲೆ ತನ್ನ ಅಜ್ಜಿಯ ಕತೆ ಹೇಳಿದಳು. ಅಜ್ಜಿಯನ್ನು ಹೂತದ್ದು ಕಪ್ಪು ಜನರ ಸ್ಮಶಾನದಲ್ಲಿ. ಬಿಳಿಯರ ಸ್ಮಶಾನಕ್ಕೆ ಆಗ ಪ್ರವೇಶವಿರಲಿಲ್ಲ. ಕೆಲವು ವರ್ಷಗಳ ಮೇಲೆ ಅಲ್ಲಿ ಅಪಾರ್ಟ್‌ಮೆಂಟು ಎದ್ದಿತು. ಹೆಸರು ಕೆತ್ತಿದ ಕಲ್ಲುಗಳನ್ನು ಎತ್ತಿದರು, ಕೆಳಗಿದ್ದವರನ್ನು ಹಾಗೆಯೇ ಬಿಟ್ಟರು. ಅಜ್ಜಿ ಈಗ ಕಾರು ನಿಲ್ಲಿಸುವ ಜಾಗದ ಕೆಳಗಿದ್ದಾಳೆ. ಅಜ್ಜಿಯ ಹುಟ್ಟುಹಬ್ಬದ ದಿನ ಡೆನೀಸ್ ಹೋಗಿ ಎರಡು ಕಾರುಗಳ ನಡುವೆ ಹೂವಿಟ್ಟು ಬರುತ್ತಾಳೆ. ಕಾವಲುಗಾರ ಒಳ್ಳೆಯವನಾದರೆ ಒಂದೆರಡು ನಿಮಿಷ ಬೇರೆ ಕಡೆ ನೋಡುತ್ತಾನೆ.

ನಾನು ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳುತ್ತ ಬಂದೆ.

"ಯಾರು ಮಾಡಿದ್ದಂತೆ, ಕೇಳಿ," ಎಂದರು ಮುನಿರಾಜು.

ಕೇಳಿದೆ. "ಯಾರೋ ಬಿಲ್ಡರ್," ಎಂದಳು ಡೆನೀಸ್. "ಅವನೂ ಸತ್ತ. ಅವನಿಗೆ ಒಳ್ಳೆಯ ಸಮಾಧಿ ಇದೆ. ನಾನು ನೋಡಿದ್ದೇನೆ, ಅಮೃತಶಿಲೆಯದು."

ಅದನ್ನೂ ಹೇಳಿದೆ. ಕಾರು ಮೋಟೆಲಿನ ಅಂಗಳಕ್ಕೆ ಬಂದು ನಿಂತಿತು. ಡೆನೀಸ್ ಇಳಿದು ಬಂದು ಬಾಗಿಲು ತೆರೆದು, ಡಬ್ಬಿಗೆ ತಲೆಬಾಗಿ ಹೋದಳು. ಮುನಿರಾಜು ಅಂಗಳದ ಸಿಮೆಂಟು ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಅಕ್ಕ, ಸುಮಿಗೆ ಆಕಾಶಕ್ಕೆ ಹೋಗೋ ಆಸೆ ಇರ್ಲಿಲ್ಲ."

ನಾನು ಅವರ ಪಕ್ಕದಲ್ಲಿ ಕುಳಿತೆ.

"ತೋಪು ಹೊಡೆಯೋ ದಿನ ಜೆಸಿಬಿ ಮುಂದೆ ಬಂದ್ ನಿಂತ್ಲು. 'ನಾನ್ ಸತ್ರೆ ಎಲ್ಲಿಗ್ ಹಾಕ್ತೀರ, ಆಕಾಶಕ್ಕಾ?' ಅಂದ್ಲು. ಡ್ರೈವರ್‌ಗಳೆಲ್ಲ ನಕ್ರು. ನಾನೂ ನಕ್ಕೆ. ಆಸ್ಪತ್ರೇಲಿದ್ದಾಗ್ಲೂ ಅದೇ ಮಾತು ತಲೇಲಿ ಓಡ್ತಿತ್ತು. ಸತ್ ಮೇಲೆ ಏನ್ ಮಾಡ್ಬೇಕೋ ತೋಚ್ಲಿಲ್ಲ. ಅವ್ಳ ಆಸೆ ಅಂತ ಎಲ್ರಿಗೂ ಹೇಳ್ಕೊಂಡ್ ಬಂದೆ."

ನನ್ನ ಕೈ ಅವರ ಕೆನ್ನೆಗೆ ಹೋಗದಿರಲು ನಾನು ಅದನ್ನು ಹಿಡಿದುಕೊಳ್ಳಬೇಕಾಯಿತು. ನನ್ನ ತಂಗಿ ನಿಂತದ್ದು ಪ್ರತಿಭಟನೆಗೆ. ಅವಳ ಪ್ರತಿಭಟನೆಯನ್ನೇ ಈ ಮನುಷ್ಯ ಅವಳ ಕೊನೆಯಾಸೆಯಾಗಿ ತಿರುಚಿದ್ದರು.

"ವಾಪಸ್ ಕರ್ಕೊಂಡ್ ಹೋಗೋಣ," ಎಂದರು. "ಇಡಿಯಾಗಿ ಹೋಗ್ಲಿ. ಆದ್ರೆ ಎಲ್ಲಿಗೆ?"

ಚಿಕ್ಕಜಾಲದಲ್ಲಿ ಉಳಿದಿರುವುದು ಒಂದೇ ಒಂದು ಹೂಳುವ ನೆಲ, ಕೆರೆಯಂಚಿನ ದಲಿತ ಕಾಲೋನಿಯವರದು. ಮೇಲಿನ ಕೇರಿಯವರ ತೋಪುಗಳಿಗೆ ದಲಿತರ ಹೆಣಗಳಿಗೆ ಎಂದೂ ಪ್ರವೇಶವಿರಲಿಲ್ಲವಾದ್ದರಿಂದ ಅವರಿಗೆ ಬೇರೆಯೇ ಸ್ಮಶಾನವಿತ್ತು. ಆ ಜಾತಿಯ ಗೋಡೆಯೇ ಕೊನೆಗೆ ಅದನ್ನು ಮಾರಾಟದಿಂದ ಉಳಿಸಿತು. ಅದನ್ನೂ ನುಂಗಲು ಬಂದವರನ್ನು ನಾವು ಕಾಲೋನಿಯ ಲಕ್ಷ್ಮಕ್ಕನ ಮುಂದಾಳತ್ವದಲ್ಲಿ ತಡೆದಿದ್ದೆವು. ಆದರೆ ಮುನಿರಾಜುವಿನ ಲಾರಿಗಳು ಹಳೆಯ ಗೋಡೆ, ಕಾಂಕ್ರೀಟಿನ ಚೂರುಗಳನ್ನು ಅದರ ಅರ್ಧಭಾಗದ ಮೇಲೆ ಸುರಿದಾಗಿತ್ತು.

ಆ ನೆಲದ ಹೆಸರು ಹೇಳಿದೆ. "ಅವ್ರು ಒಪ್ತಾರಾ?" ಎಂದರು ಮುನಿರಾಜು. ಆ ಮನುಷ್ಯ ಯಾರದೋ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾನು ಅಂದೇ ಕಂಡದ್ದು.

ಉಡಾವಣೆ

ನಾವು ಸಭಾಂಗಣಕ್ಕೆ ಮತ್ತೆ ಹೋಗಲಿಲ್ಲ. ಎರಡು ಬೆಳಗು ಕಳೆದು ರಾಕೆಟ್ಟು ಹಾರಿತು. ಮೋಟೆಲಿನ ಅಂಗಳದಲ್ಲಿ ಮುದುಕ ಮುದುಕಿಯರ ಸಾಲಿನಲ್ಲಿ ನಾವೂ ನಿಂತೆವು; ಸ್ವೆಟರಿನ ಹಿರಿಯರೂ ಅಲ್ಲಿದ್ದರು. ಮೊದಲು ಬೆಳಕು ಬಂತು. ಕಡಲಿನಂಚಿನಲ್ಲಿ ಇನ್ನೊಂದು ಸೂರ್ಯೋದಯವಾದಂತಿತ್ತು. ಶಬ್ದ ಆಮೇಲೆ ಬಂದು ಎದೆಯನ್ನು ಒತ್ತಿತು. ಅದು ಸುಂದರವಾಗಿತ್ತೆಂದು ಹೇಳದಿದ್ದರೆ ಸುಳ್ಳಾಗುತ್ತದೆ. ಹೊಗೆಯ ಗೆರೆ ಗಾಳಿಗೆ ವಕ್ರವಾಗುವವರೆಗೂ ಆ ಹಿರಿಯರು ಹಣೆಗೆ ಕೈಯಿಟ್ಟು ಸೆಲ್ಯೂಟಿನಲ್ಲೇ ನಿಂತಿದ್ದರು. ಬಳಿಕ ನನ್ನ ಕಡೆ ತಿರುಗಿ ಕೇಳಿದರು: "ನನ್ನ ಹೆಂಡತಿಯ ಉಳಿದ ಬೂದಿ ಮನೆಯಲ್ಲಿದೆ. ಈಗ ಅವಳು ಎಲ್ಲಿದ್ದಾಳೆಂದು ನಾನು ಅಂದುಕೊಳ್ಳಬೇಕು?"

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮುನಿರಾಜು ಮೋಟೆಲಿನಿಂದ ಕುರ್ಚಿಯೊಂದನ್ನು ತಂದು ಅವರಿಗೆ ಕೊಟ್ಟರು.

ಚಿಕ್ಕಜಾಲ

ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವಾಗ ಚಿಕ್ಕಜಾಲ ದಾರಿಯಲ್ಲೇ ಸಿಗುತ್ತದೆ. ಸರ್ವಿಸ್ ರಸ್ತೆಯಲ್ಲಿ ಅಕ್ಕಯ್ಯಮ್ಮ ಹಾಲಿನ ಚೊಂಬು, ತುಪ್ಪದ ಬಟ್ಟಲು ಹಿಡಿದು ಕಾದಿದ್ದರು, ಅವರನ್ನು ಕಾರಿಗೆ ಹತ್ತಿಸಿಕೊಂಡೆವು. ಕಾರು ಕಾಲೋನಿಯ ಕಡೆ ತಿರುಗಿದ್ದನ್ನು ಕಂಡು ಅವರ ತುಟಿ ಬಿಗಿಯಿತು. "ಅಲ್ಲಿಗಾ?" ಎಂದರು. ಕೆರೆಯಂಚಿನಲ್ಲಿ ಕಾರು ನಿಂತಾಗ ಇಳಿಯಲಿಲ್ಲ. ಸೊಸೆಗೆ ನೆಲವಿಲ್ಲವೆಂದು ಅತ್ತವರಿಗೆ ಆ ನೆಲದ ಮೇಲೆ ಕಾಲಿಡುವುದಾಗಲಿಲ್ಲ. ಇದನ್ನು ಬರೆಯಲು ನನಗೆ ನೋವಾಗುತ್ತದೆ, ಬರೆಯದಿದ್ದರೆ ತಪ್ಪಾಗುತ್ತದೆ.

ಲಕ್ಷ್ಮಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದರು. ನಾನು ಫೋನಿನಲ್ಲಿ ಎಲ್ಲವನ್ನೂ ತಿಳಿಸಿದ್ದೆ. ಮುನಿರಾಜು ಚಪ್ಪಲಿ ಬಿಟ್ಟು ಎದುರು ಹೋಗಿ ನಿಂತರು.

"ಒಂದ್ ಸ್ವಲ್ಪ ಜಾಗ ಬೇಕಿತ್ತು ಲಕ್ಷ್ಮಕ್ಕ."

"ಟೀಚರಮ್ಮಂಗೆ ತಾನೆ? ನನ್ ಮೊಮ್ಮಗಳಿಗೆ ಪಾಠ ಯೋಳ್ಕೊಟ್ಟ ಮಾತಾಯಿ. ಮಣ್ಣಿಗ್ ಬಂದೋರ್ನ ನಾವು ಬ್ಯಾಡ ಅನ್ನಾಕಿಲ್ಲ. ನೀವು ಅಂದಂಗೆ ನಾವ್ ಅನ್ನಾಕಿಲ್ಲ." ಅವರು ಕಾಂಕ್ರೀಟಿನ ರಾಶಿಯ ಕಡೆ ಗಲ್ಲ ಎತ್ತಿ ತೋರಿಸಿದರು. "ಅದರಡೀಗ್ ನಮ್ಮತ್ತೆ ಔಳೆ. ನನ್ ಮಗ ಔನೆ. ಮೊದ್ಲು ಅವ್ರ ಮ್ಯಾಲಿಂದ ತೆಗೀರಿ. ಆಮ್ಯಾಕೆ ನಿಮ್ಮೋರ್ನ ಇಕ್ಕಿ."

"ಈಗ್ಲೇ ಕ್ಲಿಯರ್ ಮಾಡಿಸ್ತೀನಿ," ಎಂದು ಮುನಿರಾಜು ಫೋನ್ ತೆಗೆದರು. "ಜೆಸಿಬಿ ಇಲ್ಲೇ ಬಾಗಲೂರ್ ಕ್ರಾಸಲ್ಲಿದೆ, ಅರ್ಧ ಗಂಟೆ."

"ಬ್ಯಾಡ," ಎಂದರು ಲಕ್ಷ್ಮಕ್ಕ. "ಜೆಸಿಬಿಗೆ ಕಲ್ಲೇನು, ಮೂಳೆಯೇನು. ಎಲ್ಲಾನೂ ಒಟ್ಟಿಗೆ ಬಾಚ್ತದೆ. ಕೈಯಲ್ ತೆಗೀರಿ."

ಮುನಿರಾಜು ಫೋನು ಜೇಬಿಗಿಟ್ಟರು. ತೋಳು ಮಡಚಿ, ರಾಶಿಯ ಅಂಚಿನಲ್ಲಿ ಬಗ್ಗಿ, ಕಬ್ಬಿಣದ ಸರಳು ಚಾಚಿದ್ದ ಕಾಂಕ್ರೀಟಿನ ತುಂಡೊಂದನ್ನು ಎತ್ತಲು ನೋಡಿದರು. ಏಳಲಿಲ್ಲ. ಚಿಕ್ಕದೊಂದನ್ನು ಎತ್ತಿಕೊಂಡು ರಸ್ತೆಯ ತನಕ ಹೊತ್ತು ಇಟ್ಟು ಬಂದರು. ಲಕ್ಷ್ಮಕ್ಕ ನೆರವಿಗೆ ಬರಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ. ಕಾರಿನೊಳಗೆ ಚೊಂಬಿನ ಹಾಲು ಬಿಸಿಲಿಗೆ ಒಡೆಯಿತು.

ಇದನ್ನು ಬರೆಯುವ ಹೊತ್ತಿಗೆ ತಿಂಗಳಾಗಿದೆ. ಮುನಿರಾಜು ದಿನವೂ ಬೆಳಿಗ್ಗೆ ಬರುತ್ತಾರೆ, ಕೆಲವು ದಿನ ನಾನೂ ಹೋಗುತ್ತೇನೆ. ಆಳುಗಳನ್ನು ಕಳಿಸಿದರೆ ಲಕ್ಷ್ಮಕ್ಕ ಹಿಂದಕ್ಕೆ ಅಟ್ಟುತ್ತಾರೆ. ಅವರ ಅತ್ತೆಯ ಸಮಾಧಿ ಮೊನ್ನೆ ಬಯಲಾಯಿತು; ಮಗನದು ಇನ್ನೂ ಕೆಳಗಿದೆ. ಸುಮಿ ಸಹಕಾರನಗರದಲ್ಲಿ, ನನ್ನ ಮನೆಯಲ್ಲಿ, ತನ್ನ ಸರದಿಗಾಗಿ ಕಾಯುತ್ತಿದ್ದಾಳೆ.